ಗಂಧ ತೇಯ್ದ ಮನೆ

ಲೇಖನ ಆರುನೂರು ಪದ ಮೀರಬಾರದು ಎಂದು ಪ್ರಕಾಶ ಹೇಳಿದ್ದು ನಿಜ. ಆದರೆ ಬರೆದಿದ್ದ ಸಾವಿರದ ನೂರರಲ್ಲಿ ಯಾವ ಐನೂರನ್ನು ತೆಗೆಯಬೇಕು ಎಂದು ಅವನೇನೂ ಹೇಳಿರಲಿಲ್ಲ. ಕಲಮಜೂ ಊರು ದಾಟಿ ಐವತ್ತು ಮೈಲಿ ಬಂದಿದ್ದರೂ ವೆಂಕಟರಾಮು ಈ ಒಂದೇ ಮಾತನ್ನು ಮೆಲುಕು ಹಾಕುತ್ತಿದ್ದ. ಒಮ್ಮೆ ಎಲ್ಲವೂ ಪ್ರಕಾಶನ ತಪ್ಪು ಅನಿಸುತ್ತಿತ್ತು, ಇನ್ನೊಮ್ಮೆ ಯಾರ ತಪ್ಪೂ ಅಲ್ಲ ಅನಿಸುತ್ತಿತ್ತು. ತನ್ನ ತಪ್ಪು ಅನ್ನುವ ಹತ್ತಿರಕ್ಕೆ ಬಂದಾಗೆಲ್ಲ ಮುಂದಿನ ಟ್ರಕ್ಕನ್ನು ಓವರ್‌ಟೇಕ್ ಮಾಡುವ ಕೆಲಸ ಬಂದುಬಿಡುತ್ತಿತ್ತು. ಮಾರ್ಚಿಯ ಶನಿವಾರ, ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ರಸ್ತೆಬದಿಯಲ್ಲಿ ಕರಗದೆ ಉಳಿದ ಮಸಿಬಣ್ಣದ ಹಿಮ. ನೇಪರ್‌ವಿಲ್‌ನಲ್ಲಿ ಮಗಳು ವರ್ಷಾಳ ಬಾಣಂತನಕ್ಕೆಂದು ಹೆಂಡತಿ ಪದ್ಮ ಹೋಗಿ ಮೂರು ವಾರ ಆಗಿತ್ತು. ಅವಳ ಬದಲು ಪಕ್ಕದ ಸೀಟಿನಲ್ಲಿ ಒಂದು ಲಕೋಟೆ, ಒಳಗೆ ನಾಲ್ಕು ಹಾಳೆಯ ಕಾಗದ. ಬ್ರೇಕ್ ಒತ್ತಿದಾಗ ಅದು ಮುಂದಕ್ಕೆ ಜಾರುತ್ತಿತ್ತು, ಅವನು ಬಲಗೈ ಚಾಚಿ ಹಿಂದಕ್ಕೆ ತಳ್ಳುತ್ತಿದ್ದ. ಮೂವತ್ತೊಂದು ವರ್ಷ ಮಿಷಿಗನ್ನಿನ ಕಾರ್ಖಾನೆಗಳಲ್ಲಿ ಬ್ರೇಕುಗಳನ್ನು ಪರೀಕ್ಷೆ ಮಾಡಿಯೇ ಸಂಬಳ ತಿಂದವನು ಇವತ್ತು ಬೇಡದ ಕಡೆಯಲ್ಲೆಲ್ಲ ಬ್ರೇಕ್ ಒತ್ತುತ್ತಿದ್ದ.

ಲೇಖನ ಬರೆದದ್ದು ಹೋದ ವರ್ಷದ ಯುಗಾದಿಗೆ, ಮಿಷಿಗನ್ನಿನ ನೋವೈ ಕಡೆಯ ಕನ್ನಡದವರು ತರುವ ಸ್ಮರಣ ಸಂಚಿಕೆಗೆ. ತನ್ನೂರು ಕರಿಬಂಡೆಯ ಗುಡ್ಡ, ಗುಡ್ಡದ ಮೇಲಿನ ಗವಿ, ಗವಿಯೊಳಗಿನ ಗವಿಯಜ್ಜನ ಗದ್ದುಗೆ, ವರ್ಷಕ್ಕೊಮ್ಮೆ ನಡೆಯುವ ಗಂಧದ ಹಬ್ಬ. ಅಜ್ಜ ಯಾರು ಎಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೇಲುಬೀದಿಯವರು ಸಿದ್ಧಪುರುಷ ಅನ್ನುತ್ತಿದ್ದರು, ಸಾಬರ ಬೀದಿಯವರು ಪೀರಸಾಹೇಬರು ಅನ್ನುತ್ತಿದ್ದರು, ಎದುರಾಬದುರು ಕೂತಾಗ ಎರಡು ಕಡೆಯವರೂ ಅಜ್ಜ ಅಂದು ಸುಮ್ಮನಾಗುತ್ತಿದ್ದರು. ಇದನ್ನೆಲ್ಲ ವೆಂಕಟರಾಮು ಬರೆದಿದ್ದ.  ಆಮೇಲೆ ಸಂಚಿಕೆ ನೋಡಿಕೊಳ್ಳುತ್ತಿದ್ದ ಪ್ರಕಾಶನ ಫೋನ್ ಬಂತು. “ಅಂಕಲ್, ಅದ್ಭುತವಾಗಿದೆ. ಆದ್ರೆ ಒಂದೇ ಪೇಜ್ ಕೊಡಕ್ಕಾಗೋದು, ಕೆಳಗಡೆ ರಿಯಲ್ಟರ್ ಆಡ್ ಬರ್ಬೇಕು. ಆರುನೂರು ಪದಕ್ಕೆ ಇಳಿಸ್ಕೊಡ್ತೀರಾ?” ಇಳಿಸುವುದೇನು ಮಹಾ ಎಂದು ಕೂತ. ಅಜ್ಜಿ ಮಡಿಯುಟ್ಟು ಗಂಧ ತೇಯುವುದನ್ನು ಬಿಡಲಾಗುತ್ತದೆಯೇ? ಇಲ್ಲ. ಮುನ್ನೂರು ಮೆಟ್ಟಿಲು? ಬೇಕೇ ಬೇಕು. ಗವಿಯೊಳಗಿನ ತಣ್ಣನೆಯ ಕತ್ತಲು? ಅದು ಓದುವವರಿಗೆ ಇಷ್ಟವಾಗುತ್ತದೆ. ಹೀಗೆ ಒಂದೊಂದನ್ನೇ ಉಳಿಸಿಕೊಳ್ಳುತ್ತ ಬಂದು ಕೊನೆಗೆ ನೋಡಿದರೆ ದಸ್ತಗೀರ್ ಸಾಬರು ಹೋಗಿದ್ದರು.

ಯಾರೂ ತೆಗೆ ಅಂದಿರಲಿಲ್ಲ. ಕಷ್ಟ ಇರುವುದೇ ಅಲ್ಲಿ. ಯಾರಾದರೂ ಅಂದಿದ್ದರೆ ಅವನು ಜಗಳ ಆಡುತ್ತಿದ್ದ, ನಾಲ್ಕು ಜನರ ಮುಂದೆ ದೊಡ್ಡ ಮನುಷ್ಯನ ಮಾತು ಆಡುತ್ತಿದ್ದ. ದಸ್ತಗೀರ್ ಸಾಬರು ಗವಿಯ ಮುಜಾವರರು. ಗದ್ದುಗೆಯ ಹಸಿರು ಬಟ್ಟೆ ಬದಲಿಸುವವರು, ಲೋಬಾನ ಹಾಕುವವರು, ಗುರುವಾರ ಗುರುವಾರ ಊರಿನ ಹೆಂಗಸರು ಕಾಗದದ ಪೊಟ್ಟಣದಲ್ಲಿ ತಂದ ಸಕ್ಕರೆಯನ್ನು ಓದಿಸಿಕೊಂಡು ಹೋಗುತ್ತಿದ್ದದ್ದು ಅವರಿಂದಲೇ. ಸಕ್ಕರೆಯ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸಿ ಊದಿ ಕೊಡುತ್ತಿದ್ದರು. ಆರನೇ ವಯಸ್ಸಿನಲ್ಲಿ ಜ್ವರ ಇಳಿಯದೆ ವೆಂಕಟರಾಮು ಕಣ್ಣು ಮೇಲೆ ಮಾಡಿದಾಗ ನವಿಲುಗರಿಯ ಕಟ್ಟಿನಿಂದ ಮೈತುಂಬ ನೀವಿದ್ದು ಅವರೇ. ಗರಿಯ ತುದಿ ಕಿವಿಗೆ ತಾಗಿ ಕಚಗುಳಿಯಾಗಿ ನಕ್ಕುಬಿಟ್ಟಿದ್ದ. ನಕ್ಕ, ಇನ್ನು ಉಳಿದ ಅಂದಿದ್ದರು ಸಾಬರು. ಅದೆಲ್ಲ ಆ ಐನೂರು ಪದಗಳಲ್ಲಿತ್ತು. ಆಗಿನ್ನೂ ಊರಿನಲ್ಲಿ ಗದ್ದುಗೆಯ ಕೇಸಿರಲಿಲ್ಲ, ಗವಿಗೆ ಬೀಗ ಬಿದ್ದಿರಲಿಲ್ಲ. ಆದರೂ ತೆಗೆಯುವಾಗ ಅವನ ಕಣ್ಣ ಮುಂದೆ ಇದ್ದದ್ದು ದೇವಸ್ಥಾನದ ಕ್ಯಾಂಟೀನಿನ ಮೂಲೆಯ ಮೇಜು, ಶನಿವಾರ ಶನಿವಾರ ಅಲ್ಲಿ ಪುಳಿಯೋಗರೆ ಮುಂದಿಟ್ಟುಕೊಂಡು ಕೂರುವ ಆರೇಳು ಮುಖ. ಅವುಗಳಲ್ಲಿ ಒಂದೇ ಒಂದು ಹುಬ್ಬು ಮೇಲೇರುವುದೂ ಅವನಿಗೆ ಬೇಡವಾಗಿತ್ತು. ಅಷ್ಟಕ್ಕೇ, ಬರೀ ಒಂದು ಹುಬ್ಬಿಗೆ ಹೆದರಿ, ನನ್ನನ್ನು ಬದುಕಿಸಿದ ಮನುಷ್ಯನನ್ನು ಹೊಡೆದುಹಾಕಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಆವತ್ತು ಆಗಿರಲಿಲ್ಲ. ಆವತ್ತು ಲೇಖನ ಮೊದಲಿಗಿಂತ ಚೆನ್ನಾಗಿಯೇ ಓಡುತ್ತಿದೆ ಅನಿಸಿತ್ತು.

ಚೆನ್ನಾಗಿಯೇ ಓಡಿತು. ವಾಟ್ಸಾಪ್ ಗ್ರೂಪಿನಲ್ಲಿ ಎಂಬತ್ತು ಚಿಲ್ಲರೆ ಜನ ಕೈಮುಗಿದ ಚಿತ್ರ ಹಾಕಿದರು. ಆಫೀಸಿನಲ್ಲಿ ಅವನ ಹೆಸರು ನಾಲಿಗೆಗೆ ಹೊರಳದೆ ವೆನ್ ಎಂದು ಕರೆಸಿಕೊಂಡವನು, ಮೂರು ಸಲ ಲೇ ಆಫ್ ಆಗಿ ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ಮುಂದೆ ಇಂಟರ್‌ವ್ಯೂಗೆ ಕೂತವನು, ಮೊದಲ ಬಾರಿಗೆ ದೇವಸ್ಥಾನದ ಶೂ ಬಿಡುವ ಜಾಗದಲ್ಲಿ ಗೊತ್ತಿಲ್ಲದ ಹೆಂಗಸಿನಿಂದ “ಅಂಕಲ್, ನಿಮ್ಮ ಆರ್ಟಿಕಲ್ ಓದಿ ಕಣ್ಣಲ್ಲಿ ನೀರು ಬಂತು” ಎಂದು ಕೇಳಿಸಿಕೊಂಡ. ಅದನ್ನು ಪದ್ಮಳಿಗೆ ಎರಡು ಸಲ ಹೇಳಿದ. ಆ ಪುಟ ಯಾರ ಫೋನಿನಿಂದ ಯಾರ ಫೋನಿಗೆ ಹಾರಿತೋ, ಜುಲೈ ಹೊತ್ತಿಗೆ ಕರಿಬಂಡೆ ತಲುಪಿತ್ತು. ಅಷ್ಟರಲ್ಲಿ ಅಲ್ಲಿ ಗದ್ದುಗೆ ಯಾರದು ಎಂದು ಜಗಳವಾಗಿ, ಕಲ್ಲು ತೂರಾಟವಾಗಿ, ಗವಿಗೆ ಬೀಗ ಬಿದ್ದು, ಮೆಟ್ಟಿಲ ಬುಡದಲ್ಲಿ ಪೊಲೀಸರ ಡೇರೆ ಎದ್ದಿತ್ತು. ಗುಡ್ಡದ ಮೇಲಿನ ಎರಡು ಕೋಣೆಯ ಮನೆಯಿಂದ ದಸ್ತಗೀರ್ ಸಾಬರ ಮಗ ಮಹಬೂಬನನ್ನು ಹೆಂಡತಿ ಮಕ್ಕಳ ಸಮೇತ ಇಳಿಸಿದ್ದರು. ವಿಷಯ ಕೋರ್ಟಿಗೆ ಹೋಯಿತು. ಒಂದು ಕಡೆಯ ಕಮಿಟಿಯವರು ಇವನ ಲೇಖನವನ್ನು ಕಡತಕ್ಕೆ ಸೇರಿಸಿದರು. ಊರಿನ ಶಾನುಭೋಗರ ಮನೆಯವರೇ, ಅಮೆರಿಕದಲ್ಲಿರುವ ವಿದ್ಯಾವಂತರು, ಕಣ್ಣಾರೆ ಕಂಡದ್ದನ್ನು ಬರೆದಿದ್ದಾರೆ, ಮುಜಾವರ ಅನ್ನುವ ಒಬ್ಬನಿದ್ದ ಎಂದು ಎಲ್ಲಾದರೂ ಇದೆಯೇ ನೋಡಿ ಎಂಬುದು ಅವರ ವಾದ.

ಇದನ್ನು ಅವನಿಗೆ ಹೇಳಿದ್ದು ಶಹತಾಜ್, ದಸ್ತಗೀರ್ ಸಾಬರ ಮಗಳು. ಗಂಡ ತೀರಿಕೊಂಡ ಮೇಲೆ ಶಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ಮಗನ ಜೊತೆ ಇದ್ದಾಳೆ ಎಂದು ಅವನಿಗೆ ಹನ್ನೆರಡು ವರ್ಷದಿಂದ ಗೊತ್ತಿತ್ತು. ವರ್ಷಾಳ ಮನೆಗೆ ಹೋಗಿಬರುವಾಗೆಲ್ಲ ಆ ಊರಿನ ಎಕ್ಸಿಟ್ ದಾಟಿಕೊಂಡೇ ಹೋಗಿದ್ದ, ಒಮ್ಮೆಯೂ ಫೋನ್ ಮಾಡಿರಲಿಲ್ಲ. ಕೊನೆಗೆ ಜನವರಿಯಲ್ಲಿ ಅವಳೇ ಮಾಡಿದಳು. ಕೋಪವಿರಲಿಲ್ಲ ದನಿಯಲ್ಲಿ. “ರಾಮಣ್ಣ, ಮಾರ್ಚಿಯಲ್ಲಿ ಹಿಯರಿಂಗ್ ಇದೆ. ಗಂಧ ನಿಮ್ಮನೇಲಿ ತೇಯ್ತಿದ್ರು, ನಮ್ಮಪ್ಪ ಬಂದು ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ರು, ಅಷ್ಟು ನೀವು ನೋಡಿದ್ದು ಬರ್ದು ನೋಟರಿ ಮಾಡಿಸ್ಕೊಡಿ. ನಿಮ್ಮ ಮನೇವ್ರು ಹೇಳಿದ್ರೆ ಬೇರೆ ಸಾಕ್ಷಿನೇ ಬೇಡ ಅಂತಾರೆ ವಕೀಲರು. ಇಲ್ದಿದ್ರೆ ಈ ವರ್ಷ ಗಂಧ ನಿಂತ್ಹೋಗುತ್ತೆ. ಒಂದು ಸಲ ನಿಂತ್ರೆ ಮುಗೀತು, ಮಹಬೂಬ್ ಮತ್ತೆ ಗುಡ್ಡ ಹತ್ತಲ್ಲ.” ಬರೆದುಕೊಡುತ್ತೇನೆ ಎಂದ. ತಕ್ಷಣ ಎಂದ, ಮನಸ್ಸಿನಿಂದಲೇ ಎಂದ. ಆಮೇಲೆ ಜನವರಿ ಹೋಯಿತು, ಫೆಬ್ರವರಿ ಹೋಯಿತು. ಈಗ ಹಿಯರಿಂಗ್ ನಾಳಿದ್ದು ಸೋಮವಾರ.

ಬುಧವಾರ ಕ್ಯಾಂಟೀನಿನಲ್ಲಿ ನಡೆದದ್ದನ್ನು ಅವನು ಪದ್ಮಳಿಗೂ ಹೇಳಿರಲಿಲ್ಲ. ಮೂಲೆಯ ಮೇಜು, ಶನಿವಾರವಲ್ಲದಿದ್ದರೂ ಅದೇ ಮುಖಗಳು. ಪ್ರಕಾಶ ಒಂದು ಹಾಳೆ ಇಡುವ ಮುಂಚೆ ಎಣ್ಣೆ ತಾಗಬಾರದೆಂದು ಪೇಪರ್ ನ್ಯಾಪ್ಕಿನ್ನಿನಿಂದ ಮೇಜು ಒರೆಸಿದ. ಒಳ್ಳೆಯ ಹುಡುಗ, ಹಿರಿಯರೆಂದರೆ ಗೌರವ. “ಅಂಕಲ್, ಒಂದು ಸಣ್ಣ ಕೆಲ್ಸ. ಲೇಖನ ನಿಮ್ದೇ, ಅದ್ರಲ್ಲಿರೋದು ನಿಜ ಅಂತ ಒಂದ್ ಲೈನ್ ಡಿಕ್ಲರೇಷನ್. ನಿಮ್ಮೂರಿನ ಕಮಿಟಿಯವರು ಕೇಳಿದಾರೆ.” ಕೋರ್ಟಿಗಾ ಎಂದು ಇವನು ಕೇಳಿದ. “ಅದೆಲ್ಲ ನಂಗೂ ಅಷ್ಟು ಗೊತ್ತಿಲ್ಲ. ನೀವೇ ಬರ್ದಿದ್ದು ತಾನೇ? ಸುಳ್ಳೇನೂ ಇಲ್ವಲ್ಲ?” ಮೇಜಿನ ಸುತ್ತ ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ವೆಂಕಟರಾಮು ನಿಜವಾಗಿ ಹುಡುಕಿದ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮನಸ್ಸಿನಲ್ಲೇ ಓದಿಕೊಂಡು ಒಂದಾದರೂ ಸುಳ್ಳು ಸಿಕ್ಕೀತೇ ಎಂದು ತಡಕಾಡಿದ, ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ. ಒಂದೂ ಸಿಗಲಿಲ್ಲ. ಸಹಿ ಹಾಕಿದ. ಅಲ್ಲೇ ಪ್ರಸಾದ ಹಂಚುತ್ತಿದ್ದ ವಾಲಂಟಿಯರ್ ಒಬ್ಬರು ನೋಟರಿಯಂತೆ, ಚೀಲದಿಂದ ಸೀಲು ತೆಗೆದು ಒತ್ತಿದರು. ಆಮೇಲೆ ಯಾರೋ ಇವನ ತಟ್ಟೆಗೆ ಇನ್ನೊಂದು ಸೌಟು ಮೊಸರನ್ನ ಹಾಕಿದರು, ಅದನ್ನೂ ತಿಂದ.

ಮರುದಿನ ಬೆಳಿಗ್ಗೆ ಲೈಬ್ರರಿಯ ಕಿಟಕಿ ಪಕ್ಕ ಕೂತು ನಾಲ್ಕು ಹಾಳೆ ಬರೆದ. ಅದೂ ಕೊಟ್ಟು ಇದೂ ಕೊಟ್ಟರೆ ಎರಡೂ ಸೇರಿ ಪೂರ್ತಿ ಸತ್ಯವಾಗುತ್ತದೆ ಎಂದು ಲೆಕ್ಕ ಹಾಕಿದ್ದ. ಶುಕ್ರವಾರ ಬ್ಯಾಂಕಿಗೆ ಹೋದ. ಸೀಲು ಹಾಕುವ ಹುಡುಗಿಗೆ ಕನ್ನಡದ ಅಕ್ಷರ ಕಂಡು ನಗು ಬಂತು, ಎಷ್ಟು ಚೆಂದ ಇದೆ, ಇದರಲ್ಲಿರುವುದೆಲ್ಲ ನಿಜವೇ ಎಂದು ಕೇಳಿದಳು. ಬಲಗೈ ಎತ್ತಿ ಹೌದು ಎಂದ. ವಾರದಲ್ಲಿ ಎರಡನೆಯ ಸಲ.

ಇಂಡಿಯಾನಾ ಹೊಕ್ಕಾಗ ಫೋನಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಹಿಂದಕ್ಕೆ ಹೋಯಿತು. ಪ್ರತಿ ಸಲ ಖುಷಿಯಾಗುತ್ತಿದ್ದ ವಿಷಯ. ಇವತ್ತು ಆ ಒಂದು ಗಂಟೆಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಡೌನರ್ಸ್ ಗ್ರೋವ್‌ಗೆ ಬೇಗ ಬಂದು, ರೈಲು ನಿಲ್ದಾಣದ ಹತ್ತಿರ ಪಾರ್ಕ್ ಮಾಡಿ ಕೂತ. ಬುಧವಾರದ ಸಹಿಯ ವಿಷಯ ಅವಳಿಗೆ ಮೊದಲೇ ಹೇಳಿಬಿಡಬೇಕು. ಬಾಗಿಲಲ್ಲೇ ಹೇಳಬೇಕು. ಬಾಗಿಲಲ್ಲಿ ಹೇಳಿದರೆ ಒಳಗೇ ಕರೆಯದಿರಬಹುದು, ಕೂತ ಮೇಲೆ ಹೇಳಬೇಕು. ಮೊದಲು ಕಾಗದ ಕೊಟ್ಟು, ಅವಳು ಓದಿ, ಮನಸ್ಸು ತಂಪಾದ ಮೇಲೆ, ಅಂದಹಾಗೆ ಅಂತ ಶುರು ಮಾಡಬೇಕು. ಅಂದಹಾಗೆ ಅನ್ನುವುದು ಒಳ್ಳೆಯದು. ಒಂದು ರೈಲು ಶಿಕಾಗೋ ಕಡೆಗೆ ಹೋಯಿತು, ಕೆಂಪು ಟೋಪಿಯ ಮುದುಕಿಯೊಬ್ಬಳು ಅದನ್ನು ತಪ್ಪಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ಬಯ್ಯುತ್ತಿದ್ದಳು. ವೆಂಕಟರಾಮು ಕನ್ನಡಿಯಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡ.

ಶಹತಾಜ್ ಬಾಗಿಲು ತೆಗೆದಳು. ಊರಿನಲ್ಲಿ ನೋಡಿದಾಗ ಎರಡು ಜಡೆಯ ಹುಡುಗಿ, ಈಗ ಬಿಳಿ ದುಪಟ್ಟಾ ಹೊದ್ದ, ಐವತ್ತೆಂಟು ದಾಟಿದ ಹೆಂಗಸು. ತಂದೆಯ ಮೂಗು ಹಾಗೇ ಇತ್ತು. ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ ಅವನು “ಹೇಗಿದ್ದೀ... ರಾ” ಎಂದ.

“ಬನ್ನಿ ರಾಮಣ್ಣ. ಟ್ರಾಫಿಕ್ ಇತ್ತಾ? ಮಗ ಸೊಸೆ ಹೊರಗ್ಹೋಗಿದಾರೆ. ಕೂತ್ಕೊಳ್ಳಿ, ಟೀ ತರ್ತೀನಿ.”

ಟೀ ಬಂತು, ಜೊತೆಗೆ ರಸ್ಕು, ಹೆಚ್ಚಿದ ಸೇಬು. ಅರ್ಧ ಕಪ್ ಕುಡಿದ ಮೇಲೆ ಅವಳ ಮುಂದೆ ಏನೂ ಇಲ್ಲವೆಂದು ಗಮನಿಸಿದ. “ನೀನು ತಗೊಳ್ಳಲ್ವಾ?”

“ರೋಜಾ ಅಲ್ವಾ ಈಗ, ರಂಜಾನ್ ಉಪವಾಸ.”

“ಅಯ್ಯೋ, ನನಗೆ ಹೊಳೀಲೇ ಇಲ್ಲ...”

“ಪರ್ವಾಗಿಲ್ಲ, ನೀವು ಕುಡೀರಿ. ನಾಲ್ಕೂವರೆ ಗಂಟೆ ಡ್ರೈವ್ ಮಾಡ್ಕೊಂಡು ಬಂದಿದೀರ.”

ಉಳಿದ ಅರ್ಧ ಕಪ್ ಗಂಟಲಿನಲ್ಲಿ ಇಳಿಯುವ ಸದ್ದು ಅವನಿಗೇ ಜೋರಾಗಿ ಕೇಳಿಸಿತು. ಲಕೋಟೆ ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು, ಕರಿಬಂಡೆ ಶಾಲೆಯಲ್ಲಿ ಪಾಠ ಓದುವ ರೀತಿಯಲ್ಲೇ ದನಿಯೆತ್ತಿ ಓದಿದಳು. ಸಕ್ಕರೆ ಓದಿಸುವುದು ಬಂತು, ನವಿಲುಗರಿ ಬಂತು. ನಕ್ಕ, ಇನ್ನು ಉಳಿದ ಅನ್ನುವಲ್ಲಿ ನಿಲ್ಲಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ವೆಂಕಟರಾಮುವಿಗೆ ಎದೆ ತುಂಬಿ ಬಂತು. ಅಂದಹಾಗೆ ಅನ್ನುವುದಕ್ಕೆ ಇದೇ ಸಮಯ ಎಂದು ಗೊತ್ತಾಯಿತು, ಆದರೆ ಅವಳು ಅಳುವುದನ್ನು, ತನ್ನ ಬರವಣಿಗೆಗೆ ಅಳುವುದನ್ನು ಇನ್ನೊಂದು ಗಳಿಗೆ ನೋಡೋಣ ಅನಿಸಿತು. ಅವಳು ಮತ್ತೆ ಓದತೊಡಗಿದಳು. “ಗಂಧದ ದಿನ ಮುಜಾವರರಾದ ದಸ್ತಗೀರ್ ಸಾಬರು ನಮ್ಮ ಮನೆಗೆ ಬಂದಾಗ ನಮ್ಮ ಅಜ್ಜಿಯವರು ಅವರನ್ನು ಜಗಲಿಯ ಮೇಲೆ ಕೂರಿಸಿ, ಬೆಳ್ಳಿಯ ಲೋಟದಲ್ಲಿ ಕಾಫಿ ಕೊಟ್ಟು...” ಅಲ್ಲಿಗೆ ನಿಂತಳು. ಅದೇ ಸಾಲನ್ನು ಈ ಸಲ ಮನಸ್ಸಿನಲ್ಲೇ ಓದಿಕೊಂಡಳು.

“ಇದು ಹಿಂಗಿರ್ಲಿಲ್ವಲ್ಲ ರಾಮಣ್ಣ.”

“ಯಾವುದು?”

“ಅಪ್ಪ ಜಗಲಿ ಹತ್ತಿದ್ದು ಯಾವತ್ತೂ ಇಲ್ಲ. ಕೆಳಗೆ, ಚರಂಡಿ ಆಚೆ ನಿಲ್ತಿದ್ರು. ನಾನೂ ಜೊತೇಲಿ ಬರ್ತಿದ್ದೆ. ನಿಮ್ಮಜ್ಜಿ ಗಂಧದ ಬಟ್ಟಲು ಕಟ್ಟೆ ಮೇಲಿಟ್ಟು ಒಳಗ್ಹೋಗ್ತಿದ್ರು, ಆಮೇಲೆ ಅಪ್ಪ ಬಂದು ತಗೊಳ್ತಿದ್ರು. ನಾವು ಬೀದಿ ತಿರುಗೋ ಮುಂಚೆನೇ ಅಪ್ಪ ನಿಂತಿದ್ದ ಜಾಗಕ್ಕೆ ಒಂದು ಬಿಂದಿಗೆ ನೀರು ಬೀಳ್ತಿತ್ತು. ಆ ಸದ್ದು ಕೇಳ್ಸುತ್ತೆ ನೋಡಿ, ಆಗ ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, ತಿರುಗಿ ನೋಡ್ಬೇಡ ಅಂತಿದ್ರು.”

ಬೆಳ್ಳಿಯ ಲೋಟ ಅವನಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಅದರ ಕಂಠದ ಸುತ್ತ ಬಳ್ಳಿಯ ಕೆತ್ತನೆ, ಒಂದು ಕಡೆ ಸೊಟ್ಟ. ಲೋಟ ಇದ್ದದ್ದು ನಿಜ. ಅದರಲ್ಲಿ ಕಾಫಿ ಕುಡಿಯುತ್ತಿದ್ದದ್ದು ಅಮಲ್ದಾರರು. ಅದು ಗೊತ್ತಿದ್ದೂ ಬರೆದೆನೋ, ಬರೆಯುವಾಗ ಗೊತ್ತಿರಲಿಲ್ಲವೋ? ಲೈಬ್ರರಿಯಲ್ಲಿ ಆ ಸಾಲು ಬರೆದು ಪೆನ್ನು ಕೆಳಗಿಟ್ಟು, ಅಜ್ಜಿಯನ್ನು ನೆನೆದು ಹೆಮ್ಮೆಪಟ್ಟಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ನೀರು ಹಾಕುವ ಕೆಲಸ ಒಮ್ಮೊಮ್ಮೆ ಅಜ್ಜಿ ತನಗೇ ಹೇಳುತ್ತಿದ್ದಳು ಎಂದು ಈಗ, ಈ ಸೋಫಾದ ಮೇಲೆ, ಸೇಬಿನ ಹೋಳು ಕೈಯಲ್ಲಿ ಹಿಡಿದು ಕೂತಾಗ ನೆನಪಾಯಿತು. ಬಿಂದಿಗೆ ಭಾರ ಅಂತ ಎರಡು ಕೈಯಲ್ಲಿ ಎತ್ತಿ ಸುರಿಯುತ್ತಿದ್ದ. ಅದು ಅವನಿಗೆ ಇಷ್ಟದ ಕೆಲಸವಾಗಿತ್ತು.

“ಹೊಸದಾಗಿ ಬರ್ಕೊಡ್ತೀನಿ” ಎಂದ. “ಆ ಸಾಲು ತೆಗೆದು ಈಗ್ಲೇ ಬರೀತೀನಿ. ಇಲ್ಲೂ ನೋಟರಿ ಸಿಗ್ತಾರೆ.”

ಶಹತಾಜ್ ಹಾಳೆಗಳನ್ನು ಜೋಡಿಸಿ ಟೀಪಾಯಿಯ ಮೇಲಿಟ್ಟಳು. ಫೋನ್ ತೆಗೆದು ಅವನ ಕಡೆ ತಿರುಗಿಸಿದಳು. ಒಂದೇ ಸಾಲಿನ ಇಂಗ್ಲಿಷ್, ಕೆಳಗೆ ಬುಧವಾರದ ತಾರೀಖು, ಸೀಲು, ಅವನ ಸಹಿ. ಸಹಿಯ ಕೆಳಗೆ ಅವನು ಕಾಲೇಜಿನ ದಿನಗಳಿಂದ ಎಳೆಯುತ್ತ ಬಂದ ಎರಡು ಗೆರೆ.

“ಮಹಬೂಬ್ ನೆನ್ನೆ ಕಳ್ಸಿದ. ಆ ಕಡೆ ವಕೀಲರು ಕೋರ್ಟಿಗೆ ಕೊಟ್ಟು ಆಗಿದೆ.”

“ನೆನ್ನೆನೇ ಗೊತ್ತಿತ್ತಾ ನಿಂಗೆ?”

“ನೀವೇ ಹೇಳ್ತೀರ ಅಂತ ಕಾದೆ.”

 ಅವನ ಬಾಯಿಗೆ ಬಂದದ್ದು ಬರಬಾರದ ಮಾತು. “ಅದ್ರಲ್ಲಿ ಸುಳ್ಳೇನೂ ಇಲ್ಲ ಶಹತಾಜ್. ಲೇಖನ ನಂದು ಅಂತ, ಅಷ್ಟೇ.”

“ಇಲ್ಲ, ಸುಳ್ಳಿಲ್ಲ. ನಾನೂ ಹುಡುಕಿದೆ. ನಾವಿಲ್ಲ ಅದ್ರಲ್ಲಿ, ಅಷ್ಟೇ.” ಅವಳು ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. “ಇದು ಬಂದ ಮೇಲೂ ನಿಮ್ಮ ಕಾಗದ ನೋಡೋಣ ಅಂತಿದ್ದೆ. ನಿಜ ಗಟ್ಟಿಯಾಗಿದ್ರೆ ನಿಲ್ಲುತ್ತೆ ಅಂದ್ಕೊಂಡಿದ್ದೆ. ಈಗ ಇದನ್ನ ಕೊಟ್ರೆ ಮೊದಲು ಜಗಲಿ ಮಾತೇ ಎತ್ತಾರೆ. ಊರಲ್ಲಿ ಯಾವ ಮುದುಕನ್ನ ಕರೆಸಿ ಕೇಳಿದ್ರೂ ಸುಳ್ಳು ಅಂತಾನೆ. ಅದೊಂದು ಸುಳ್ಳಾದ್ರೆ ಮಿಕ್ಕಿದ್ದೆಲ್ಲಾನೂ ಸುಳ್ಳೇ. ಇನ್ನೊಂದು ಬರೀತೀರಿ, ಸರಿ. ಒಂದೇ ವಾರದಲ್ಲಿ ಒಬ್ರೇ ಮನುಷ್ಯ ಮೂರು ಥರ ಬರ್ದ್ರೆ ಯಾವ ಜಡ್ಜ್ ನಂಬ್ತಾರೆ?”

“ನಾನು ಊರಿಗೆ ಹೋಗಿ ಹೇಳ್ತೀನಿ. ಕೋರ್ಟಲ್ಲೇ ನಿಂತು ಹೇಳ್ತೀನಿ.”

“ಸೋಮವಾರಕ್ಕಾ?”

 ಆಗದ ಮಾತೆಂದು ಹೇಳುವಾಗಲೇ ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಹಾಳೆಗಳನ್ನು ಲಕೋಟೆಗೆ ತುಂಬಿದಳು, ಮೂಲೆ ಮಡಚಬಾರದೆಂದು ನಿಧಾನವಾಗಿ ತುಂಬಿದಳು. “ಗಂಧ ನಿಮ್ಮನೇದು, ಹೊತ್ಕೊಂಡು ಹೋಗಿದ್ದು ನಾವು. ನೀರು ಬಿತ್ತು, ಆದ್ರೂ ಮುಂದಿನ ವರ್ಷ ಮತ್ತೆ ಬಂದ್ವಿ. ಇದ್ದದ್ದು ಅಷ್ಟೇ ರಾಮಣ್ಣ, ಬಹಳ ಚೆನ್ನಾಗೇನೂ ಇರ್ಲಿಲ್ಲ. ಆದ್ರೆ ಇತ್ತು. ಇದ್ದಂಗೆ ಬರ್ದಿದ್ರೆ ಸಾಕಾಗಿತ್ತು.” ಲಕೋಟೆ ಅವನ ಕೈಗೆ ಕೊಟ್ಟಳು.

ಬಾಗಿಲಿನವರೆಗೆ ಬಂದಳು. ಅವನು ಬಗ್ಗಿ ಶೂ ಲೇಸ್ ಕಟ್ಟುವುದು ತಡವಾಯಿತು. ಕಟ್ಟುವುದನ್ನು ಅವಳು ನೋಡುತ್ತ ನಿಂತಳು. “ಮೊಮ್ಮಗು ಹೇಗಿದೆ?” ಎಂದು ಕೇಳಿದಳು. ಚೆನ್ನಾಗಿದೆ ಎಂದ. ಹೊಸಿಲು ದಾಟಿದ ಮೇಲೆ ಕರೆದಳು.

“ರಾಮಣ್ಣ, ಒಂದು ಮಾತು. ಇನ್ಮೇಲೆ ನಮ್ಮ ಬಗ್ಗೆ ಏನೂ ಬರೀಬೇಡಿ. ಒಳ್ಳೇದೂ ಬರೀಬೇಡಿ.”

“ಆಯ್ತಮ್ಮ” ಎಂದ.

ಆಗ್ಡನ್ ರಸ್ತೆಯ ಮೊದಲನೆಯ ಕೆಂಪು ದೀಪದವರೆಗೆ ಅವನಿಗೆ ಏನೂ ಅನಿಸಲಿಲ್ಲ. ಅಲ್ಲಿ ನಿಂತಾಗ ಮೈಯೊಳಗೆ ಏನೋ ಸಡಿಲವಾಗತೊಡಗಿತು. ಅಳು ಬರುತ್ತದೆ ಎಂದು ಕಾದ, ಬರಲಿ ಅಂದುಕೊಂಡ. ಬಂದದ್ದು ಅಳುವಲ್ಲ. ಇನ್ನು ಬರೆಯಬೇಕಾಗಿಲ್ಲ, ಊರಿಗೆ ಹೋಗಬೇಕಾಗಿಲ್ಲ, ಮೂಲೆಯ ಮೇಜಿನವರಿಗೆ ಮುಖ ತಪ್ಪಿಸಬೇಕಾಗಿಲ್ಲ. ಬೇಡ ಎಂದು ಅವಳೇ ಹೇಳಿದ್ದಾಳೆ. ಬೆನ್ನಿನಿಂದ ಒಂದು ಮೂಟೆ ಇಳಿಸಿದ ಹಾಗೆ ಆಯಿತು, ಮತ್ತು ತಾನು ಎಂಥವನು ಎಂದು ಅರವತ್ತೊಂದನೇ ವಯಸ್ಸಿನಲ್ಲಿ ಆ ಹಗುರದಿಂದ ಅವನಿಗೆ ಗೊತ್ತಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ದೀಪ ಯಾವಾಗಲೋ ಹಸಿರಾಗಿತ್ತು.

ನೇಪರ್‌ವಿಲ್ ಇನ್ನು ಐದು ಮೈಲಿ ಇರುವಾಗ ಪದ್ಮಳ ಫೋನ್ ಬಂತು, ದನಿ ಕಾರಿನ ತುಂಬ ಕೇಳಿಸಿತು. ಹಿಂದೆ ಮಗು ಅಳುತ್ತಿತ್ತು. “ಎಲ್ಲಿದೀರಿ? ಊಟ ಬಿಸಿ ಮಾಡ್ಲಾ?”

“ಇನ್ನು ಹತ್ತು ನಿಮಿಷ.”

“ಶಹತಾಜ್ ಸಿಕ್ಕಿದ್ಲಾ? ಕಾಗದ ಕೊಟ್ರಾ?”

“ಹ್ಞೂ, ಕೊಟ್ಟೆ.”

“ಸದ್ಯ. ಪುಣ್ಯದ ಕೆಲಸ ಮಾಡಿದ್ರಿ ಬಿಡಿ. ಓದಿ ಏನಂದ್ಲು?”

“ಕಣ್ಣಲ್ಲಿ ನೀರು ಹಾಕ್ಕೊಂಡ್ಲು” ಎಂದ ವೆಂಕಟರಾಮು. ಹೇಳಿದ ಮೇಲೆ, ಅಭ್ಯಾಸದಿಂದ, ಸುಳ್ಳೇನಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ.